ಕಾಲು ಟ್ಯಾಂಕರ್: ಬಂಕ್ ಮ್ಯಾನೇಜರ್ ಒಬ್ಬನ ಅನುಭವ

ಸಿಂಧನೂರಿನಿಂದ ಗಂಗಾವತಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಪೆಟ್ರೋಲ್ ಬಂಕ್ ಇದೆ. ಅಲ್ಲಿ ನಾನು ಮ್ಯಾನೇಜರ್. 2009ರಿಂದ ಅದೇ ಕುರ್ಚಿ, ಅದೇ ಮೇಜು. ಬಂಕ್ ನನ್ನದಲ್ಲ, ಸಾಹುಕಾರ್ರದ್ದು. ಲೋಡ್ ತರಿಸೋದು, ಡಿಪ್ ಹಾಕೋದು (ಟ್ಯಾಂಕಿಗೆ ಕೋಲು ಇಳಿಸಿ ಅಳತೆ ನೋಡೋದು), ಹುಡುಗರ ಪಾಳಿ ನೋಡೋದು, ಸಂಜೆ ಲೆಕ್ಕ ಒಪ್ಪಿಸೋದು ನನ್ನ ಕೆಲಸ.

ನಮ್ಮ ವ್ಯಾಪಾರ ನಿಂತಿರೋದು ನೀರಿನ ಮೇಲೆ ಅಂದರೆ ಹೊರಗಿನವರು ನಗುತ್ತಾರೆ. ತುಂಗಭದ್ರಾ ಡ್ಯಾಂ ತುಂಬಿ ಎಡದಂಡೆ ಕಾಲುವೆಗೆ ನೀರು ಬಂದರೆ ನೆಲ್ಲು ನಾಟಿ. ನೆಲ್ಲು ಅಂದರೆ ಭತ್ತ, ನಮ್ಮ ಕಡೆ ಹಾಗೇ ಅನ್ನೋದು. ನಾಟಿ ಆದರೆ ಟ್ರ್ಯಾಕ್ಟರ್, ಆಮೇಲೆ ಕಟಾವು ಮಷೀನ್, ಆಮೇಲೆ ಗಿರಣಿಗೆ ಹೋಗುವ ಲಾರಿ. ಡ್ಯಾಂ ತುಂಬಿದ ವರ್ಷ ನಮ್ಮ ಡೀಸೆಲ್ ಟ್ಯಾಂಕ್ ಬೇಗ ಬೇಗ ಖಾಲಿ ಆಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ಬಂಕಿನಲ್ಲಿ ಬೇರೆ ಮಾತೇ ಇರಲಿಲ್ಲ. ರೈತರಿಗಿಂತ ಜಾಸ್ತಿ ಸಾಹುಕಾರ್ರೇ ಫೋನ್ ಮಾಡಿ ಗೇಟಿನ ಸುದ್ದಿ ಕೇಳುತ್ತಿದ್ದರು.

ಇಂಥ ಬಂಕಿನಲ್ಲಿ 'ಗ್ರೀನ್' ಅನ್ನೋ ಮಾತು ಹೇಗೆ ಬಂತು, ನಾನು ಅದರಲ್ಲಿ ಏನು ಮಾಡಿದೆ, ಏನು ಮಾಡಲಿಲ್ಲ ಅನ್ನೋದನ್ನ ಬರೆಯುತ್ತಿದ್ದೇನೆ.

ಮಾತು ಬಂದದ್ದು ಡೀಲರ್‌ಗಳ ಮೀಟಿಂಗಿನಲ್ಲಿ. 2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ಕ್ಕೆ ನೆಟ್ ಝೀರೋ ಅಂತ ಹೇಳಿತು, ಅಂದರೆ ಬಿಡುವ ಇಂಗಾಲ, ಹೀರುವ ಇಂಗಾಲ ಎರಡೂ ಸಮ. ತೈಲ ಕಂಪನಿಗಳೂ ತಮ್ಮ ತಮ್ಮ ವರ್ಷ ಹೇಳಿದವು. ಇಂಡಿಯನ್ ಆಯಿಲ್ 2046, ಭಾರತ್ ಪೆಟ್ರೋಲಿಯಂ ಮತ್ತು ಹಿಂದೂಸ್ತಾನ್ ಪೆಟ್ರೋಲಿಯಂ 2040. ಪರದೆ ಮೇಲೆ ಹಸಿರು ಎಲೆ, ಗಾಳಿ ಯಂತ್ರ. ನಾವೆಲ್ಲ ತಲೆ ಅಲ್ಲಾಡಿಸಿ, ಊಟ ಮಾಡಿ ಬಂದೆವು.

ಆಮೇಲೆ ಸೇಲ್ಸ್ ಆಫೀಸರ್ ಫೋನ್ ಬರಲು ಶುರುವಾಯಿತು. ಒಂದೇ ಫೋನಿನಲ್ಲಿ ಎರಡು ಮಾತು. ಮೊದಲನೆಯದು, "ಈ ತಿಂಗಳು ಡೀಸೆಲ್ ಯಾಕೆ ಕಡಿಮೆ ಹೋಗಿದೆ?" ಎರಡನೆಯದು, "ಗಿಡ ನೆಟ್ಟ ಫೋಟೋ ಇನ್ನೂ ಕಳಿಸಿಲ್ಲ." ಅವರನ್ನ ಬೈಯೋಕೆ ಹೇಳುತ್ತಿಲ್ಲ. ಅವರಿಗೂ ಮೇಲಿಂದ ಎರಡೂ ಬರುತ್ತಿತ್ತು. ನಾನೂ ಎರಡಕ್ಕೂ "ಆಯ್ತು ಸರ್" ಅನ್ನುತ್ತಿದ್ದೆ. ಹೊಂಗೆ, ಬೇವು ಸೇರಿ ನಲವತ್ತು ಗಿಡ ನೆಟ್ಟು ಫೋಟೋ ಕಳಿಸಿದೆ. ಒಂಬತ್ತು ಉಳಿದಿವೆ. ಉಳಿದವು ಮೇ ತಿಂಗಳ ಬಿಸಿಲಿಗೆ ಹೋದವು. ಆ ಫೋಟೋ ಯಾರೂ ಕೇಳಲಿಲ್ಲ.

ನಿಜವಾದ ಕೆಲಸ ಶುರುವಾದದ್ದು ಅದಕ್ಕೂ ಮೊದಲೇ, ಜನರೇಟರಿನಿಂದ. ಆಗ ಅದಕ್ಕೆ ಗ್ರೀನ್ ಅನ್ನೋ ಹೆಸರಿರಲಿಲ್ಲ.

2021ರ ಬೇಸಿಗೆಯಲ್ಲಿ ಕರೆಂಟ್ ಹೋಗೋದು ಜಾಸ್ತಿ ಇತ್ತು. ನಮ್ಮದು 25 ಕೆವಿಎ ಜನರೇಟರ್. ಹೊಸ ಮಾಲೀಕರಿಗೆಲ್ಲ ಇದೇ ಚಾಳಿ, ದೊಡ್ಡದೇ ಇರಲಿ ಅಂತ ತರುತ್ತಾರೆ. ಅದು ಎಷ್ಟು ಕುಡಿಯುತ್ತದೆ ಅಂತ ನನಗೆ ಅಂದಾಜು ಇತ್ತು, ಲೆಕ್ಕ ಇರಲಿಲ್ಲ. ಬಂಕಿನಲ್ಲಿ ಅಳತೆ ನೋಡೋಕೆ ಐದು ಲೀಟರಿನ ಕ್ಯಾನ್ ಇರುತ್ತದಲ್ಲ, ಅದನ್ನೇ ಬಳಸಿದೆ. ಜನರೇಟರ್ ಟ್ಯಾಂಕ್ ಬಾಯಿತನಕ ತುಂಬಿಸೋದು, ಕರೆಂಟ್ ಬಂದ ಮೇಲೆ ಮತ್ತೆ ಬಾಯಿತನಕ ತುಂಬಿಸಿ ಎಷ್ಟು ಹೋಯಿತು ಅಂತ ಬರೆಯೋದು. ಒಂದು ತಿಂಗಳು ಹೀಗೆ ಬರೆದೆ. ಗಂಟೆಗೆ ಹತ್ತಿರ ಹತ್ತಿರ ಮೂರು ಲೀಟರ್. ಅದು ಕೊಡುತ್ತಿದ್ದ ಕರೆಂಟ್ ಎಷ್ಟು? ಎರಡು ಪಂಪು, ಲೈಟು, ಕಂಪ್ಯೂಟರ್ ಸೇರಿ ಗಂಟೆಗೆ ಐದು ಯೂನಿಟ್. ಐದು ಯೂನಿಟ್ಟಿಗೆ ಮೂರು ಲೀಟರ್ ಡೀಸೆಲ್! ಎತ್ತಿನ ಗಾಡಿಯಲ್ಲಿ ಒಂದು ಸೇರು ಜೋಳ ಹೇರಿದ ಹಾಗೆ. ಆಗ ಡೀಸೆಲ್ ಲೀಟರಿಗೆ 85 ರೂಪಾಯಿ ದಾಟಿತ್ತು. ದಿನಕ್ಕೆ ಎರಡೂವರೆ ಗಂಟೆ ಅಂದರೂ ಆರುನೂರು ಚಿಲ್ಲರೆ ರೂಪಾಯಿ ಹೊಗೆ ಆಗುತ್ತಿತ್ತು.

ಈ ಪುಸ್ತಕವನ್ನ ಸಾಹುಕಾರ್ರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಮ್ಮ ಡೀಸೆಲ್ ನಾವೇ ಕುಡೀತೀವಲ್ಲೋ," ಅಂದರು.

ಅಷ್ಟೇ ಸಾಕಾಯಿತು. ಪರಿಸರ ಅಂತ ಶುರು ಮಾಡಿದ್ದರೆ ಪುಸ್ತಕ ಅಲ್ಲೇ ಮುಚ್ಚುತ್ತಿದ್ದರು.

ಮೊದಲು ಮೇಲ್ಛಾವಣಿಯ ಲೈಟ್ ಬದಲಿಸಿದೆವು. ಹದಿನಾರು ಹಳೇ ಲೈಟು, ಒಂದೊಂದೂ 250 ವ್ಯಾಟ್. ಅವುಗಳ ಜಾಗಕ್ಕೆ 90 ವ್ಯಾಟಿನ ಎಲ್‌ಇಡಿ ಬಂತು. ರಾತ್ರಿ ಹನ್ನೊಂದು ಗಂಟೆ ಉರಿಯುತ್ತವೆ. ಗುಣಿಸಿ ನೋಡಿ, ದಿನಕ್ಕೆ 28 ಯೂನಿಟ್ ಉಳಿತಾಯ. ಇದಕ್ಕಿಂತ ಸುಲಭದ ಕೆಲಸ ಬಂಕಿನಲ್ಲಿ ಇನ್ನೊಂದಿಲ್ಲ. ಇನ್ನೂ ಮಾಡದವರು ಇದ್ದರೆ ಸೋಲಾರ್ ಮಾತು ಆಮೇಲೆ ಆಡಿ, ಮೊದಲು ಲೈಟ್ ಬದಲಿಸಿ.

ಮುಂದಿನ ವರ್ಷ 10 ಕಿಲೋವ್ಯಾಟ್ ಸೋಲಾರ್, ಜೊತೆಗೆ ಎರಡು ಗಂಟೆ ಪಂಪು ನಡೆಸುವಷ್ಟು ಬ್ಯಾಟರಿ. ಪ್ಯಾನೆಲ್ ಹಾಕಿದ್ದು ಆಫೀಸ್ ರೂಮಿನ ಆರ್‌ಸಿಸಿ ಮೇಲೆ. ಪಂಪಿನ ಮೇಲಿನ ಛಾವಣಿ ತಗಡಿನದು. ನಮ್ಮ ಕಡೆ ಏಪ್ರಿಲ್‌ನಲ್ಲಿ ಬೀಸುವ ಗಾಳಿ ಗೊತ್ತಲ್ಲ. ಎಂಜಿನಿಯರ್ ಭಾರ, ಗಾಳಿ ಎರಡರ ಲೆಕ್ಕ ಹಾಕಿ ಬೇಡ ಅಂದರು. ಟ್ಯಾಂಕಿನ ಗಾಳಿ ಪೈಪಿನಿಂದಲೂ ದೂರ ಇರಬೇಕು, ಅಲ್ಲಿ ಪೆಟ್ರೋಲ್ ಆವಿ ಬರುತ್ತಿರುತ್ತದೆ. ಮನೆ ಮೇಲಿನ ಸೋಲಾರಿಗೆ ಸರ್ಕಾರ ಕೊಡುವಂಥ ಸಬ್ಸಿಡಿ ಬಂಕಿಗೆ ಇಲ್ಲ. ಪೂರ್ತಿ ಕೈಯಿಂದಲೇ.

ಎರಡು ಪಾಠ ಕಲಿತೆ. ಒಂದು, ರಾಯಚೂರು ಜಿಲ್ಲೆಯ ಬಿಸಿಲು ಅಂದರೆ ಮೇ ತಿಂಗಳಲ್ಲಿ ಕರೆಂಟ್ ಸುರಿಯುತ್ತದೆ ಅಂದುಕೊಂಡಿದ್ದೆ. ತಪ್ಪು. ಪ್ಯಾನೆಲ್ ಕಾದಷ್ಟೂ ಕರೆಂಟ್ ಕಡಿಮೆ ಆಗುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಂದಷ್ಟು ಮೇ ತಿಂಗಳಲ್ಲಿ ಬರಲಿಲ್ಲ. ಇನ್ನೊಂದು ದೂಳು. ಕಟಾವಿನ ಹೊತ್ತಿಗೆ ನೆಲ್ಲಿನ ದೂಳು, ಹೊಟ್ಟು ಬಂದು ಕೂರುತ್ತದೆ. ಬೋರಿನ ನೀರಿನಿಂದ ತೊಳೆಸಿದೆ, ಗಡಸು ನೀರು, ಬಿಳಿ ಕಲೆ ಕಟ್ಟಿತು. ಈಗ ವಾರಕ್ಕೊಂದು ಸಲ ಬೆಳಗ್ಗೆ ಆರಕ್ಕೆ, ಪ್ಯಾನೆಲ್ ತಣ್ಣಗಿರುವಾಗಲೇ, ಕಾಲುವೆ ನೀರಿನಿಂದ ತೊಳೆಸುತ್ತೇನೆ. ಒಳ್ಳೇ ದಿನ 40 ಯೂನಿಟ್ ತನಕ ಬರುತ್ತದೆ. ಜನರೇಟರ್ ಈಗ ವಾರಕ್ಕೆ ಹದಿನೈದು ನಿಮಿಷ ಓಡುತ್ತದೆ, ತುಕ್ಕು ಹಿಡಿಯಬಾರದು ಅಂತ.

ಇಲ್ಲಿತನಕ ಎಲ್ಲಾ ಲಾಭದ ಮಾತು. ಮುಂದಿನದು ಹಾಗಲ್ಲ.

ಪೆಟ್ರೋಲಿನಲ್ಲಿ ಎಥನಾಲ್ ಬೆರೆಸೋದು ಹೊಸದೇನಲ್ಲ. 2022ರ ಜೂನ್ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಹತ್ತರಷ್ಟು ಬೆರಕೆ ಆಗಿತ್ತು. ಕಂಪನಿಯವರು ನಮಗೆ ಹೇಳಿದ್ದು ಒಂದೇ ಮಾತು: ಟ್ಯಾಂಕಿನಲ್ಲಿ ನೀರು ಇರಬಾರದು. ನಾವು "ನಮ್ಮ ಟ್ಯಾಂಕಿನಲ್ಲಿ ಎಲ್ಲಿದೆ ನೀರು" ಅಂದೆವು. ಬೆರಕೆ ಇಲ್ಲದ ಪೆಟ್ರೋಲಿನ ಕಾಲದಲ್ಲಿ ಟ್ಯಾಂಕಿನ ತಳದಲ್ಲಿ ಒಂದು ಬೆರಳು ನೀರು ಇದ್ದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೀರು ತಳದಲ್ಲಿ, ಪೆಟ್ರೋಲ್ ಮೇಲೆ, ಪಂಪು ಎಳೆಯೋದು ಇನ್ನೂ ಮೇಲಿಂದ. ತಳದ ನೀರು ತನ್ನ ಪಾಡಿಗೆ ತಾನು ಇರುತ್ತಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಜೋರು ಮಳೆ. ಟ್ಯಾಂಕಿನ ಮ್ಯಾನ್‌ಹೋಲ್ ಗುಂಡಿ ತುಂಬಿತು. ಅದರ ಮುಚ್ಚಳದ ಗ್ಯಾಸ್ಕೆಟ್ ಬದಲಿಸಬೇಕು ಅಂತ ನಾನೇ ಆರು ತಿಂಗಳ ಹಿಂದೆ ಪುಸ್ತಕದಲ್ಲಿ ಬರೆದಿದ್ದೆ. ಬರೆದು ಬಿಟ್ಟಿದ್ದೆ. ಬೆಳಗ್ಗೆ ಡಿಪ್ ಹಾಕಿದ ಹುಡುಗ ವಾಟರ್ ಪೇಸ್ಟ್ ಹಚ್ಚಿದ. ನೀರು ತಾಗಿದರೆ ಪೇಸ್ಟ್ ಕೆಂಪಾಗಬೇಕು. ಅಲ್ಲಲ್ಲಿ ಚುಕ್ಕೆ ಚುಕ್ಕೆ ಆಯಿತು, ಸರಿಯಾಗಿ ಕೆಂಪಾಗಲಿಲ್ಲ. "ಏನೂ ಇಲ್ರಿ ಅಣ್ಣಾರ," ಅಂದ. ನಾನೂ ಸರಿ ಅಂದೆ.

ಏಳೂವರೆಗೆ ಮೊದಲ ಬೈಕ್ ನಿಂತಿತು, ಬಂಕಿನಿಂದ ನೂರು ಹೆಜ್ಜೆ ದೂರ. ಎಂಟಕ್ಕೆ ಮೂರು. ಒಂಬತ್ತರ ಹೊತ್ತಿಗೆ ಹನ್ನೊಂದು ಬೈಕ್ ತಳ್ಳಿಕೊಂಡು ವಾಪಸ್ ಬಂದವು. ಒಬ್ಬರು ಸ್ಕೂಲ್ ಮೇಷ್ಟ್ರು, ಒಬ್ಬ ಮದುವೆ ಕಾರ್ಡ್ ಹಂಚೋಕೆ ಹೊರಟವನು. ಬಾಯಿಗೆ ಬಂದ ಹಾಗೆ ಬೈದರು. ಬೈಸಿಕೊಳ್ಳೋದು ಬಿಟ್ಟು ಬೇರೆ ದಾರಿ ಇರಲಿಲ್ಲ. ಪಂಪು ನಿಲ್ಲಿಸಿದೆ. ಮೆಕ್ಯಾನಿಕ್ ಕರೆಸಿ ಎಲ್ಲರ ಟ್ಯಾಂಕ್ ಬಿಚ್ಚಿಸಿ ತೊಳೆಸಿದೆ. ಬೇರೆ ಬಂಕಿನಿಂದ ಪೆಟ್ರೋಲ್ ತರಿಸಿ ತುಂಬಿಸಿದೆ. ಮೂರು ದಿನ ಪೆಟ್ರೋಲ್ ಮಾರಾಟ ಬಂದ್.

ಆಗಿದ್ದು ಇಷ್ಟು. ಎಥನಾಲ್‌ಗೆ ನೀರು ಕಂಡರೆ ಬಲು ಪ್ರೀತಿ. ಸ್ವಲ್ಪ ನೀರು ಬಂದರೆ ಕುಡಿದು ಪೆಟ್ರೋಲಿನ ಜೊತೆಗೇ ಇರುತ್ತದೆ. ಆ ಬೆರಕೆಯಲ್ಲಿ ನೀರು ಸಾವಿರ ಲೀಟರಿಗೆ ಐದು ಲೀಟರಿನ ಆಸುಪಾಸು ದಾಟಿತೋ, ಪೆಟ್ರೋಲ್ ಕೈ ಬಿಟ್ಟು ನೀರನ್ನೇ ಅಪ್ಪಿಕೊಂಡು ತಳಕ್ಕೆ ಇಳಿಯುತ್ತದೆ. ನಮ್ಮ ಟ್ಯಾಂಕಿನಲ್ಲಿ ಆಗ ಏಳು ಸಾವಿರ ಲೀಟರ್ ಇತ್ತು, ಅಂದರೆ ಏಳುನೂರು ಲೀಟರ್ ಎಥನಾಲ್. ಅದೂ ಮಳೆ ನೀರೂ ಸೇರಿ ತಳದಲ್ಲಿ ಒಂದು ಬೆರಳಲ್ಲ, ಗೇಣುಗಟ್ಟಲೆ ನಿಂತಿತು. ಪಂಪಿನ ಬಾಯಿತನಕ ಬಂತು. ಬೈಕುಗಳಿಗೆ ಹೋದದ್ದು ಅದೇ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ನಾವು ಹಚ್ಚಿದ್ದು ಹಳೇ ಪೇಸ್ಟ್. ಎಥನಾಲ್ ಬೆರೆತ ನೀರನ್ನ ಅದು ಸರಿಯಾಗಿ ತೋರಿಸೋದಿಲ್ಲ. ಅದಕ್ಕೆ ಬೇರೆ ಪೇಸ್ಟೇ ಬೇಕು.

ಆವತ್ತಿನಿಂದ ನಮ್ಮಲ್ಲಿ ಹೀಗೆ: ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ, ಎಲ್ಲಾ ಗ್ಯಾಸ್ಕೆಟ್ ಬದಲು. ಮ್ಯಾನ್‌ಹೋಲ್ ಕಟ್ಟೆ ನೆಲಕ್ಕಿಂತ ಒಂದು ಗೇಣು ಎತ್ತರ. ಮಳೆ ಬಂದ ರಾತ್ರಿ ಪಾಳಿಯ ಹುಡುಗ ಗುಂಡಿ ನೋಡಿ, ನೀರಿದ್ದರೆ ಎತ್ತಿ ಹಾಕಿ, ನನಗೆ ಫೋನ್ ಮಾಡಬೇಕು, ಎರಡು ಗಂಟೆ ಆಗಿರಲಿ, ಮೂರು ಆಗಿರಲಿ. ಹೊಸ ಪೇಸ್ಟ್, ದಿನಕ್ಕೆ ಎರಡು ಸಲ ಡಿಪ್. ಲೋಡ್ ಇಳಿಸೋ ಮೊದಲು ಒಂದು ಸಲ, ಇಳಿಸಿದ ಮೇಲೆ ಒಂದು ಸಲ. ಅನುಮಾನ ಬಂದರೆ ಗಾಜಿನ ಬಾಟಲಿಯಲ್ಲಿ ತಳದ ಸ್ಯಾಂಪಲ್ ಹಿಡಿದು ಬಿಸಿಲಿಗೆ ಎತ್ತಿ ನೋಡು. ಎರಡು ಪದರ ಕಂಡರೆ ಪಂಪು ಬಂದ್, ಯಾರನ್ನೂ ಕೇಳಬೇಡ.

ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅದಕ್ಕೆ ಚಾಲನೆ ಸಿಕ್ಕಿತು, ಆಮೇಲೆ ನಮ್ಮ ಟ್ಯಾಂಕಿಗೂ ಬಂತು. ಎಥನಾಲ್ ಜಾಸ್ತಿ ಆದಷ್ಟೂ ಇನ್ನಷ್ಟು ನೀರು ಕುಡಿದು ಸುಮ್ಮನಿರುತ್ತದೆ. ಆದರೆ ಒಂದು ಸಲ ಬೇರ್ಪಟ್ಟರೆ ನಷ್ಟವೂ ದುಪ್ಪಟ್ಟು. ಆ ಹನ್ನೊಂದು ಬೈಕ್ ನಿಲ್ಲದಿದ್ದರೆ ನಾನು ಇಪ್ಪತ್ತಕ್ಕೆ ತಯಾರಾಗುತ್ತಿರಲಿಲ್ಲ.

ಟ್ಯಾಂಕ್ ತೊಳೆಸಿದಾಗ ಬಂದ ಕೊಳೆ ಬಗ್ಗೆ ಒಂದು ಮಾತು. ಇದನ್ನ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಮೊದಲೆಲ್ಲ ಆ ಕೊಳೆಯನ್ನ ಬಂಕಿನ ಹಿಂದಿನ ತಗ್ಗಿಗೆ ಸುರಿಸುತ್ತಿದ್ದೆವು. ನಾನೇ ಸುರಿಸಿದ್ದೇನೆ. ಅಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಅಪಾಯಕಾರಿ ತ್ಯಾಜ್ಯದ 2016ರ ನಿಯಮದ ಪ್ರಕಾರ ಅದನ್ನ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಈ ಸಲ ಡ್ರಮ್ಮಿನಲ್ಲಿ ತುಂಬಿಸಿ, ಕಾಗದ ಮಾಡಿಸಿ ಕೊಟ್ಟೆ. ದುಡ್ಡು ಖರ್ಚಾಯಿತು, ಒಂದು ಪೈಸೆ ವಾಪಸ್ ಬರಲಿಲ್ಲ. ಸಾಹುಕಾರ್ರು ಬಿಲ್ ನೋಡಿ ಮುಖ ಗಂಟು ಹಾಕಿದರು. ನನ್ನ ಈ ಇಡೀ ಕಥೆಯಲ್ಲಿ ಲಾಭ ನೋಡದೆ ಮಾಡಿದ್ದು ಇದೊಂದೇ ಇರಬೇಕು. ತಗ್ಗಿನಲ್ಲಿ ಹುಲ್ಲು ಇನ್ನೂ ಬಂದಿಲ್ಲ.

ಗಿರಾಕಿಗಳ ವಿಷಯಕ್ಕೆ ಬರುತ್ತೇನೆ. "ಮೈಲೇಜ್ ಬರವಲ್ದು" ಅನ್ನೋದು ದಿನಾ ಇದ್ದದ್ದೇ. ಶುರುವಿನಲ್ಲಿ ನಾವು ಮ್ಯಾನೇಜರ್‌ಗಳೆಲ್ಲ ಒಂದೇ ಉತ್ತರ ಕಲಿತಿದ್ದೆವು: "ಕ್ಲಚ್ ಪ್ಲೇಟ್ ತೋರಿಸ್ರಿ, ಗಾಳಿ ನೋಡ್ರಿ." ಸುಮ್ನೆ ಜಾರಿಕೊಳ್ಳೋ ಮಾತು. 2021ರಲ್ಲಿ ನೀತಿ ಆಯೋಗ ಬಿಡುಗಡೆ ಮಾಡಿದ ವರದಿಯಲ್ಲೇ ಇದೆ, ಇಪ್ಪತ್ತರ ಬೆರಕೆ ಹಾಕಿದರೆ ಅದಕ್ಕಂತಲೇ ತಯಾರಾಗದ ದ್ವಿಚಕ್ರ ವಾಹನದಲ್ಲಿ ನೂರಕ್ಕೆ 3ರಿಂದ 4, ಕಾರುಗಳಲ್ಲಿ 6ರಿಂದ 7ರಷ್ಟು ಮೈಲೇಜ್ ಕಡಿಮೆ ಆಗಬಹುದು ಅಂತ. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಅಲ್ಲಿಗೆ ಗಿರಾಕಿ ಹೇಳಿದ್ದು ಸುಳ್ಳಲ್ಲ ಅಲ್ವಾ? ಈಗ ನೇರ ಹೇಳುತ್ತೇನೆ: 60 ಕೊಡುತ್ತಿದ್ದ ಗಾಡಿ 58 ಕೊಡಬಹುದು, 45 ಕೊಟ್ಟರೆ ಗಾಡಿ ತೋರಿಸಿ, ಹಳೇ ಗಾಡಿ ಆದರೆ ರಬ್ಬರ್ ಪೈಪ್ ಕೂಡ ನೋಡಿಸಿ. ಹೀಗೆ ಹೇಳಿದ ಮೇಲೆ ಜಗಳ ಕಡಿಮೆ ಆಗಿದೆ.

ಒಬ್ಬ ರೈತರು ಎಥನಾಲ್ ಎಲ್ಲಿಂದ ಬರುತ್ತದೆ ಅಂತ ಕೇಳಿದರು. ಕಬ್ಬು, ಮೆಕ್ಕೆಜೋಳ, ನುಚ್ಚಕ್ಕಿ ಅಂದೆ.

"ಹಂಗಾದ್ರ ನಾ ಬೆಳದ ನೆಲ್ಲು ನನ್ನ ಗಾಡಿಗೇ ಹಾಕಿ ನನ್ನ ಕಡಿಂದ ರೊಕ್ಕ ತಗೋತೀರಲ್ರಿ!"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ನಕ್ಕೆವು.

ಒಂದು ಭಾನುವಾರ, ಬಂಕ್ ಖಾಲಿ ಇದ್ದಾಗ, ಒಂದು ಲೆಕ್ಕ ಹಾಕಿದೆ. ಹಾಕಬಾರದಿತ್ತೇನೋ. ನಮ್ಮ ಸೋಲಾರ್‌ನಿಂದ ವರ್ಷಕ್ಕೆ 12,000 ಯೂನಿಟ್ ಅಂತ ಹಿಡಿಯಿರಿ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ವರ್ಷಕ್ಕೆ ಎಂಟು ಟನ್ ಚಿಲ್ಲರೆ ಉಳಿಸಿದೆವು. ಖುಷಿ ಆಯಿತು. ಅದೇ ಕಾಗದದ ಕೆಳಗೆ ಇನ್ನೊಂದು ಬರೆದೆ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ. ಒಂದು ಟ್ಯಾಂಕರ್ 12,000 ಲೀಟರ್. ಅಂದರೆ 32 ಟನ್.

ನನ್ನ ವರ್ಷದ ಸೋಲಾರ್ ಕಾಲು ಟ್ಯಾಂಕರ್ ಡೀಸೆಲ್ಲಿಗೆ ಸಮ. ಕಟಾವಿನ ಸೀಸನ್‌ನಲ್ಲಿ ನಮಗೆ ಎರಡು ದಿನಕ್ಕೊಂದು ಟ್ಯಾಂಕರ್ ಬೇಕು.

ಆಮೇಲೆ ತಿಳಿಯಿತು, ಕಂಪನಿಗಳ 2040, 2046ರ ಲೆಕ್ಕವೂ ಹೆಚ್ಚುಕಡಿಮೆ ಇದೇ ಥರ. ಅವರು ಹೇಳೋದು ತಮ್ಮ ರಿಫೈನರಿ, ತಮ್ಮ ಕರೆಂಟು, ತಮ್ಮ ಕೆಲಸದಿಂದ ಬರುವ ಹೊಗೆ. ನಾವು ಮಾರಿದ ಎಣ್ಣೆ ಟ್ರ್ಯಾಕ್ಟರಿನಲ್ಲಿ ಸುಟ್ಟಾಗ ಬರೋದು ಅದರಲ್ಲಿ ಸೇರಿಲ್ಲ. ಅಂಗಡಿಯಲ್ಲಿ ಸಾರಾಯಿ ಮಾರುವವನು ತಾನು ಕುಡಿಯೋದು ಬಿಟ್ಟ ಹಾಗೆ. ಬಿಟ್ಟಿದ್ದು ಒಳ್ಳೇದೇ, ಸುಳ್ಳಲ್ಲ. ಆದರೆ ಅಂಗಡಿ ನಡೆಯುತ್ತಿದೆ. ನಾನು ಆ ಅಂಗಡಿಯ ಮ್ಯಾನೇಜರ್.

ಕಾಗದವನ್ನ ಸಾಹುಕಾರ್ರಿಗೆ ತೋರಿಸಿದೆ. "ಮತ್ತ ಯಾಕ ಮಾಡಿದಿ?" ಅಂದರು. "ಬಿಲ್ ಕಡಿಮಿ ಆತಲ್ರಿ," ಅಂದೆ. ಕಂಪನಿಯವರು ಬಂದಾಗ ಮಾತ್ರ ಇಬ್ಬರೂ ಪರಿಸರದ ಮೇಲಿನ ಕಾಳಜಿ ಅಂತಲೇ ಹೇಳುತ್ತೇವೆ.

ಕೊನೆಗೆ ಚಾರ್ಜಿಂಗ್ ಸ್ಟೇಷನ್. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 7,432 ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಹಾಕೋಕೆ 800 ಕೋಟಿ ಮಂಜೂರು ಮಾಡಿತು. ಅದಾದ ಮೇಲೆ ನಮ್ಮಲ್ಲೂ ಜಾಗ ಕೊಡುತ್ತೀರಾ ಅಂತ ವಿಚಾರಿಸಿದರು. ನಾನು ಎಂದಿನ ಹಾಗೆ ಒಂದು ಪುಸ್ತಕ ಇಟ್ಟೆ. ಯಾವ ಎಲೆಕ್ಟ್ರಿಕ್ ಕಾರು ಬಂದು ಚಾರ್ಜಿಂಗ್ ಕೇಳಿದರೂ ಒಂದು ಗೆರೆ. ಒಂದು ತಿಂಗಳಲ್ಲಿ ಹನ್ನೊಂದು ಗೆರೆ. ಸ್ಕೂಟರಿನವರು, ಆಟೋದವರು ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುತ್ತಾರೆ. ದೊಡ್ಡ ಚಾರ್ಜರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಖರ್ಚಿನಲ್ಲಿ ನಮ್ಮ ಪಾಲೂ ಇತ್ತು. ಹುಡುಗನೊಬ್ಬ, ಶಕ್ತಿನಗರದ ಕಡೆಯವನು, "ಆ ಕರೆಂಟ್ ನಮ್ಮೂರಿನ ಕಲ್ಲಿದ್ದಲಿಂದೇ ಬರ್ತದಲ್ರಿ ಅಣ್ಣಾರ," ಅಂದ. ಅವನ ಮಾತೂ ತಪ್ಪಲ್ಲ. ಅಲ್ಲಿನ 1,720 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳನ್ನ ನೋಡುತ್ತ ಬೆಳೆದವನು ಅವನು. ಆದರೆ ನಮ್ಮ ಜನರೇಟರ್ ಲೆಕ್ಕ ನನಗೆ ನೆನಪಿತ್ತು. ಅದು ಒಂದು ಯೂನಿಟ್ಟಿಗೆ 1.6 ಕೆಜಿ ಬಿಡುತ್ತಿತ್ತು, ಗ್ರಿಡ್‌ಗಿಂತ ಎರಡು ಪಟ್ಟು ಜಾಸ್ತಿ. ಕಲ್ಲಿದ್ದಲನ್ನ ಬೈಯೋ ಯೋಗ್ಯತೆ ನಮಗಿರಲಿಲ್ಲ.

ಸಾಹುಕಾರ್ರು ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ನಿನ್ನ ರೊಕ್ಕ ಇದ್ರ ಹಾಕ್ತಿದ್ದೇನು?"

"ಈ ವರ್ಷ ಇಲ್ರಿ," ಅಂದೆ.

ಆದರೆ ಅದೇ ತಿಂಗಳು ಮುಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿಸುತ್ತಿದ್ದೆವು. ಹಾಕುವ ಮುಂಚೆ ಮೀಟರ್ ರೂಮಿನಿಂದ ಮೂಲೆಯತನಕ, ಎರಡು ಕಾರು ನಿಲ್ಲುವ ಜಾಗಕ್ಕೆ, ನಾಲ್ಕು ಇಂಚಿನ ಖಾಲಿ ಪೈಪ್ ಹೂಳಿಸಿದೆ. ಪೈಪಿನ ದುಡ್ಡು ಏನೂ ಜಾಸ್ತಿ ಅಲ್ಲ, ನಾಳೆ ಕೇಬಲ್ ಎಳೆಯಬೇಕಾದರೆ ಕಾಂಕ್ರೀಟ್ ಒಡೆಯೋದೇ ದುಬಾರಿ. ಒಳಗೆ ಒಂದು ತಂತಿ ಬಿಟ್ಟಿದ್ದೇನೆ, ಎಳೆಯೋಕೆ ಅನುಕೂಲ ಅಂತ. ಎರಡೂ ಕಡೆ ಬಾಯಿಗೆ ಮುಚ್ಚಳ ಹಾಕಿಸಿದ್ದೇನೆ, ಇಲಿ ಹೋಗಬಾರದು.